ಬಯಲಾಟಕ್ಕೆ ಯಾವ ಕ್ಯಾಮೆರಾ: ಸೋನಿ ಆರ್‌ಎಕ್ಸ್100 ಮಾರ್ಕ್ 7, ಇಲ್ಲಾ ರಿಕೋ ಜಿಆರ್ 3?

ಪ್ರಶ್ನೆ: ನಾನು ಸಾಗರ ತಾಲ್ಲೂಕಿನವನು, ಹೈಸ್ಕೂಲ್ ಮೇಷ್ಟ್ರಾಗಿದ್ದು ಈಗ ನಿವೃತ್ತ. ಯಕ್ಷಗಾನದ ಹುಚ್ಚು ಮೊದಲಿನಿಂದಲೂ ಇದೆ. ಊರೂರಿನ ವೀರಗಲ್ಲು, ಶಾಸನಗಳ ಫೋಟೋ ತೆಗೆದಿಡುವ ಆಸೆಯೂ ಇದೆ. ಮೊಬೈಲ್‌ನಲ್ಲಿ ಬಯಲಾಟ ತೆಗೆದರೆ ವೇಷದ ಮುಖವೆಲ್ಲ ಬೆಳ್ಳಗೆ ಉರಿದು ಹೋಗುತ್ತದೆ. ನಮ್ಮ ಅಳಿಯಂದಿರು ಸಿಂಗಾಪುರದಿಂದ ದೀಪಾವಳಿಗೆ ಬರುತ್ತಾರೆ. ಅವರ ಸ್ನೇಹಿತರ ಹತ್ತಿರ ಎರಡು ಚಿಕ್ಕ ಕ್ಯಾಮೆರಾಗಳು ಮಾರಾಟಕ್ಕಿವೆಯಂತೆ: ಸೋನಿ ಆರ್‌ಎಕ್ಸ್100 ಮಾರ್ಕ್ 7 ಮತ್ತು ರಿಕೋ ಜಿಆರ್ 3. ಎರಡೂ ಜೇಬಿಗೆ ಹಿಡಿಯುತ್ತವೆ. ರಿಕೋದ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್) ದೊಡ್ಡದು, ರಾತ್ರಿಗೆ ಅದೇ ಸರಿ ಎಂದು ಅಳಿಯಂದಿರು ಹೇಳುತ್ತಾರೆ. ನಾಲ್ಕು ವರ್ಷದ ಮೊಮ್ಮಗಳ ಫೋಟೋನೂ ತೆಗೆಯಬೇಕು. ಯಾವುದನ್ನು ತರಿಸಲಿ?

ಉತ್ತರ:

ಮೇಷ್ಟ್ರೇ, ನಮಸ್ಕಾರ. ನಿಮಗೆ ಸೋನಿ ತರಿಸಿಕೊಳ್ಳಿ. ನನ್ನ ಕೈಗೆ ತುಂಬಾ ಇಷ್ಟವಾದ ಕ್ಯಾಮೆರಾ ರಿಕೋ, ಆದರೂ ಹೀಗೆ ಹೇಳುತ್ತಿದ್ದೇನೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅಳಿಯಂದಿರ ಮಾತು ತಪ್ಪಲ್ಲ, ಆದರೆ ಅದು ಒಂದು ಜಾಗದಲ್ಲಿ ಮಾತ್ರ ಸರಿ.

ಮೊದಲು ಎರಡರ ಪರಿಚಯ ಮಾಡಿಕೊಡುತ್ತೇನೆ. ಎರಡೂ 2019ರಲ್ಲಿ ಬಂದ ಕ್ಯಾಮೆರಾಗಳು. ಅಮೆರಿಕದಲ್ಲಿ ಹೊಸದಾಗಿ ಬಂದಾಗ ರಿಕೋಗೆ ಸುಮಾರು 900 ಡಾಲರ್, ಸೋನಿಗೆ ಸುಮಾರು 1200 ಡಾಲರ್ ಇತ್ತು. ರಿಕೋದ ತೂಕ ಬ್ಯಾಟರಿ ಸೇರಿ 257 ಗ್ರಾಂ, ಸೋನಿಯದು 302 ಗ್ರಾಂ. ರಿಕೋದಲ್ಲಿ ಝೂಮ್ ಇಲ್ಲವೇ ಇಲ್ಲ. 28 ಮಿಮೀ ನೋಟದ ಒಂದೇ ಲೆನ್ಸ್ (ಈ ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ), ಎಫ್ 2.8 (ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆದಿರುತ್ತದೆ). ಹೆಚ್ಚುಕಡಿಮೆ ನಿಮ್ಮ ಮೊಬೈಲಿನ ಮುಖ್ಯ ಕ್ಯಾಮೆರಾದಷ್ಟೇ ಅಗಲ ಕಾಣಿಸುತ್ತದೆ. ಸೋನಿಯಲ್ಲಿ 24ರಿಂದ 200 ಮಿಮೀ ತನಕ ಝೂಮ್ ಇದೆ. ಅಗಲವಾಗಿ ಹಿಡಿದರೆ ಎಫ್ 2.8, ಝೂಮ್ ಎಳೆದಂತೆ ಅದು 4.5 ಆಗುತ್ತದೆ.

ಸೆನ್ಸರ್ ವಿಷಯದಲ್ಲಿ ವ್ಯತ್ಯಾಸ ದೊಡ್ಡದೇ. ರಿಕೋದ್ದು 23.5 x 15.6 ಮಿಮೀ, 24 ಮೆಗಾಪಿಕ್ಸೆಲ್. ಸೋನಿಯದು 13.2 x 8.8 ಮಿಮೀ, 20 ಮೆಗಾಪಿಕ್ಸೆಲ್. ಇದಕ್ಕೆ ಒಂದು ಇಂಚಿನ ಸೆನ್ಸರ್ ಎಂದು ಹೆಸರು, ಆದರೆ ಅಳೆದರೆ ಎಲ್ಲೂ ಒಂದು ಇಂಚು ಸಿಗುವುದಿಲ್ಲ. ಹಳೇ ವಿಡಿಯೋ ಕ್ಯಾಮೆರಾಗಳ ಗಾಜಿನ ಕೊಳವೆಯ ಅಳತೆಯಿಂದ ಬಂದ ಹೆಸರು ಅದು. ವಿಸ್ತೀರ್ಣ ಲೆಕ್ಕ ಹಾಕಿದರೆ ರಿಕೋದ ಸೆನ್ಸರ್ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅಳಿಯಂದಿರು ಹೇಳುತ್ತಿರುವುದು ಇದನ್ನೇ.

ಈಗ ಬಯಲಾಟಕ್ಕೆ ಬರೋಣ. ನೀವು ಎಲ್ಲಿ ಕೂರುತ್ತೀರಿ? ಗದ್ದೆಯಲ್ಲಿ ಹಾಕಿದ ಕುರ್ಚಿಗಳಲ್ಲಿ ನಾಲ್ಕನೆಯದೋ ಐದನೆಯದೋ ಸಾಲು ಎಂದುಕೊಳ್ಳಿ. ರಂಗಸ್ಥಳ 15 ಮೀಟರ್ ದೂರ ಇರಬಹುದು. ಅಲ್ಲಿಂದ ರಿಕೋದಲ್ಲಿ ತೆಗೆದರೆ ಚೌಕಟ್ಟಿನೊಳಗೆ 19 ಮೀಟರ್ ಅಗಲ, 13 ಮೀಟರ್ ಎತ್ತರದ ಜಾಗ ಬರುತ್ತದೆ. ರಂಗಸ್ಥಳ, ಅದರ ಮೇಲಿನ ಕತ್ತಲೆ, ಎದುರು ಕೂತವರ ತಲೆ, ಪಕ್ಕದ ಅಡಿಕೆ ಮರ ಎಲ್ಲವೂ ಬರುತ್ತವೆ. ವೇಷಧಾರಿ ಮಾತ್ರ ಚಿತ್ರದ ಎತ್ತರದಲ್ಲಿ ಏಳನೇ ಒಂದು ಭಾಗ. ಅದೇ ಕುರ್ಚಿಯಿಂದ ಸೋನಿಯನ್ನು 200ಕ್ಕೆ ಎಳೆದರೆ ಚೌಕಟ್ಟಿನ ಎತ್ತರ 1.8 ಮೀಟರ್. ಅಂದರೆ ಒಬ್ಬ ಆಳು ಪೂರ್ತಿ ತುಂಬುತ್ತಾನೆ. ಕಿರೀಟವೂ ಬರಬೇಕೆಂದರೆ ಝೂಮ್ ಸ್ವಲ್ಪ ಹಿಂದೆ ತರಬೇಕು, ಅಷ್ಟೇ.

"ರಿಕೋದಲ್ಲಿ 24 ಮೆಗಾಪಿಕ್ಸೆಲ್ ಇದೆಯಲ್ಲ, ಆಮೇಲೆ ಕತ್ತರಿಸಿ ದೊಡ್ಡದು ಮಾಡಿದರಾಯಿತು" ಎಂದು ಅನ್ನಿಸಬಹುದು. 50 ಮಿಮೀ ನೋಟಕ್ಕೆ ಕತ್ತರಿಸಿದರೆ ಏಳು ಮೆಗಾಪಿಕ್ಸೆಲ್ ಚಿಲ್ಲರೆ ಉಳಿಯುತ್ತದೆ, ಅದು ಚೆನ್ನಾಗಿಯೇ ಇರುತ್ತದೆ. 200ರ ನೋಟಕ್ಕೆ ಕತ್ತರಿಸಿದರೆ ಉಳಿಯುವುದು ಅರ್ಧ ಮೆಗಾಪಿಕ್ಸೆಲ್. ಅದರಲ್ಲಿ ಮುಖವರ್ಣಿಕೆಯ ಒಂದು ಗೆರೆಯೂ ನೆಟ್ಟಗೆ ಕಾಣುವುದಿಲ್ಲ.

ಹಾಗಾದರೆ ಬೆಳಕು? ಇಲ್ಲಿ ಬಹಳ ಜನ ಎಡವುತ್ತಾರೆ, ನಾನೂ ಎಡವಿದ್ದೆ. ಮಳೆಗಾಲದಲ್ಲಿ ಸೂರಿನ ನೀರಿಗೆ ಕೊಡಪಾನ ಇಡುತ್ತೇವಲ್ಲ, ಎಷ್ಟು ನೀರು ಬೀಳುತ್ತದೆ ಅನ್ನುವುದನ್ನು ಅದರ ಬಾಯಿಯ ಅಗಲ ತೀರ್ಮಾನಿಸುತ್ತದೆ. ದೂರದಲ್ಲಿ ನಿಂತ ಒಬ್ಬ ವೇಷಧಾರಿಯಿಂದ ಲೆನ್ಸಿಗೆ ಎಷ್ಟು ಬೆಳಕು ಬರುತ್ತದೆ ಅನ್ನುವುದೂ ಹಾಗೇ, ಲೆನ್ಸಿನ ಬಾಯಿ ಎಷ್ಟು ಅಗಲ ಎಂಬುದರ ಮೇಲೆ ಹೋಗುತ್ತದೆ. ಅದನ್ನು ಕಂಡುಹಿಡಿಯುವುದು ಸುಲಭ. ಲೆನ್ಸಿನ ನಿಜವಾದ ಫೋಕಲ್ ಉದ್ದವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಆಯಿತು. ರಿಕೋದ್ದು 18.3 ಮಿಮೀ, 2.8ರಿಂದ ಭಾಗಿಸಿದರೆ 6.5 ಮಿಮೀ ಬಾಯಿ. ಸೋನಿಯ 200 ಅನ್ನುವುದು ಹಳೇ ಫಿಲ್ಮ್ ಕ್ಯಾಮೆರಾಕ್ಕೆ ಹೋಲಿಸಿ ಹೇಳುವ ಲೆಕ್ಕ, ನಿಜದಲ್ಲಿ 72 ಮಿಮೀ, 4.5ರಿಂದ ಭಾಗಿಸಿದರೆ 16 ಮಿಮೀ ಬಾಯಿ. ಬಾಯಿಯ ವಿಸ್ತೀರ್ಣ ಸುಮಾರು ಆರು ಪಟ್ಟು! ನಿಮ್ಮ ಕುರ್ಚಿಯಿಂದ ಅದೇ ವೇಷಧಾರಿಯನ್ನು ಅದೇ ಶಟರ್ ವೇಗದಲ್ಲಿ (ಅಂದರೆ ಬೆಳಕನ್ನು ಅಷ್ಟೇ ಹೊತ್ತು ಒಳಗೆ ಬಿಟ್ಟು) ತೆಗೆದರೆ, ಚಿಕ್ಕ ಸೆನ್ಸರಿನ ಸೋನಿ ಅವನಿಂದ ಆರು ಪಟ್ಟು ಜಾಸ್ತಿ ಬೆಳಕು ಹಿಡಿಯುತ್ತದೆ. ದೊಡ್ಡ ಸೆನ್ಸರ್ ತನ್ನ ಜಾಗದ ಬಹುಪಾಲನ್ನು ಕತ್ತಲೆಗೂ ಅಡಿಕೆ ಮರಕ್ಕೂ ಕೊಟ್ಟುಬಿಟ್ಟಿರುತ್ತದೆ.

ಈಗ ಎದ್ದು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ ಹೋಗಿ. ಅಲ್ಲಿ ಕಥೆ ಪೂರ್ತಿ ತಿರುಗುತ್ತದೆ. ಕನ್ನಡಿ ಮುಂದೆ ಕೂತು ಬಣ್ಣ ಹಚ್ಚಿಕೊಳ್ಳುವವರು ನಿಮಗೆ ಒಂದೂವರೆ ಮೀಟರ್ ದೂರ. ಝೂಮ್ ಬೇಕಾಗಿಲ್ಲ. ಸೋನಿ ಅಗಲವಾಗಿ ನಿಂತಾಗ ಅದರ ಬಾಯಿ 3.2 ಮಿಮೀ ಮಾತ್ರ, ರಿಕೋದ್ದು ಅದೇ 6.5. ಈಗ ರಿಕೋಗೆ ಸುಮಾರು ನಾಲ್ಕು ಪಟ್ಟು ಜಾಸ್ತಿ ಬೆಳಕು. ಒಂದೇ ಬಲ್ಬಿನ ಬೆಳಕಲ್ಲಿ ಚರ್ಮದ ಬಣ್ಣ, ಅರದಾಳದ ಹಳದಿ, ಕಾಡಿಗೆಯ ಕಪ್ಪು ಎಲ್ಲ ಬೇರೆ ಬೇರೆಯಾಗಿ ಉಳಿಯುತ್ತವೆ. ಅಳಿಯಂದಿರ ಮಾತು ಸರಿಯಾಗುವ ಜಾಗ ಇದು.

ಒಂದು ಸಲ ಝೂಮ್ ಇಲ್ಲದ ಕ್ಯಾಮೆರಾ ಒಂದನ್ನೇ ಹಿಡಿದು ಆಟಕ್ಕೆ ಹೋಗಿದ್ದೆ. ಹಿಂದಿನ ಸಾಲಲ್ಲಿ ಜಾಗ ಸಿಕ್ಕಿತು. ಬೆಳಗಿನ ಜಾವದ ತನಕ ಕೂತು ತೆಗೆದ ಫೋಟೋಗಳಲ್ಲಿ ರಂಗಸ್ಥಳ ಬೆಂಕಿಪೆಟ್ಟಿಗೆಯಷ್ಟು ಕಾಣಿಸುತ್ತಿತ್ತು. ಅದೇ ರಾತ್ರಿ ಚೌಕಿಯಲ್ಲಿ ಹತ್ತು ನಿಮಿಷ ನಿಂತಿದ್ದೆ. ಮುಂಡಾಸು ಕಟ್ಟಿಸಿಕೊಳ್ಳುತ್ತಾ ಕಣ್ಣು ಮುಚ್ಚಿದ್ದ ಒಬ್ಬ ಹಿರಿಯ ಕಲಾವಿದರ ಫೋಟೋ ಸಿಕ್ಕಿತು. ಅದು ಇವತ್ತಿಗೂ ನನ್ನ ಮೇಜಿನ ಎದುರಿಗಿದೆ. ಕ್ಯಾಮೆರಾ ಕೇಳುವವರಿಗೆಲ್ಲ ನಾನು ಮೊದಲು "ನೀವು ಎಲ್ಲಿ ನಿಲ್ಲುತ್ತೀರಿ" ಎಂದು ಕೇಳುವುದು ಆ ರಾತ್ರಿಯಿಂದ. ನೀವು ಹೆಚ್ಚು ಹೊತ್ತು ಇರುವುದು ಕುರ್ಚಿಯಲ್ಲಿ. ಅದಕ್ಕೇ ಸೋನಿ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಒಂದು ವಿಷಯ ಹೇಳುತ್ತೇನೆ, ನನಗೆ ಅದು ಸೆನ್ಸರ್‌ಗಿಂತ ಮುಖ್ಯ ಅನ್ನಿಸುತ್ತದೆ. ಕಣ್ಣು. ಅರವತ್ತು ದಾಟಿದ ಮೇಲೆ ನಮಗೆ ಹತ್ತಿರದ್ದು ನೋಡಲು ಕನ್ನಡಕ ಬೇಕು, ಅಲ್ವಾ? ದೂರದ ವೇಷ ಬರಿಗಣ್ಣಿಗೆ ಕಾಣುತ್ತದೆ, ಕೈಯಲ್ಲಿರುವ ಸ್ಕ್ರೀನ್ ಮಂಜಾಗುತ್ತದೆ. ಕನ್ನಡಕ ಹಾಕಿದರೆ ಸ್ಕ್ರೀನ್ ಕಾಣುತ್ತದೆ, ವೇಷ ಮಂಜು. ಸೋನಿಯಲ್ಲಿ ಮೇಲಿನಿಂದ ಹೊರಬರುವ ಒಂದು ಚಿಕ್ಕ ವ್ಯೂಫೈಂಡರ್ ಇದೆ. ಅದರ ಸಣ್ಣ ಲಿವರ್ ಅನ್ನು ಸರಿಸಿ ನಿಮ್ಮ ಕಣ್ಣಿನ ಪವರ್‌ಗೆ ಹೊಂದಿಸಿಕೊಳ್ಳಬಹುದು. ಕನ್ನಡಕ ಇಲ್ಲದೆ ಕಣ್ಣಿಗಿಟ್ಟು ನೋಡಬಹುದು. ಮುಖಕ್ಕೆ ಒತ್ತಿ ಹಿಡಿಯುವುದರಿಂದ ಕೈ ನಡುಕವೂ ಕಡಿಮೆ. ಸ್ಕ್ರೀನಿನ ಬೆಳಕು ಪಕ್ಕದವರ ಕಣ್ಣಿಗೆ ಹೊಡೆಯುವುದಿಲ್ಲ. ರಿಕೋದಲ್ಲಿ ವ್ಯೂಫೈಂಡರ್ ಇಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಅದರ ಸ್ಕ್ರೀನ್ ನೋಡುವುದು ನನಗೂ ಕಷ್ಟ.

ಮೊಮ್ಮಗಳ ವಿಷಯ ಬೇಗ ಮುಗಿಸುತ್ತೇನೆ. ಸೋನಿಯ ಫೋಕಸ್ ಕಣ್ಣನ್ನು ಗುರುತಿಸಿ ಬೆನ್ನು ಹತ್ತುತ್ತದೆ, ಸೆಕೆಂಡಿಗೆ 20 ಫೋಟೋ ತನಕ ತೆಗೆಯುತ್ತದೆ. ಅಂಗಳದಲ್ಲಿ ಓಡುವ ಮಗುವಿಗೆ ಇದಕ್ಕಿಂತ ಬೇರೆ ಬೇಡ. ರಿಕೋದ ಫೋಕಸ್ ಕತ್ತಲೆಯಲ್ಲಿ ತಡವರಿಸುತ್ತದೆ. ಆದರೆ ಅದರಲ್ಲಿ ಸ್ನ್ಯಾಪ್ ಫೋಕಸ್ ಎಂಬ ಒಂದು ಚೆಂದದ ದಾರಿ ಇದೆ. ದೂರವನ್ನು ಮೊದಲೇ ಎರಡು ಮೀಟರ್ ಎಂದು ಇಟ್ಟು, ಎಫ್ 5.6ರಲ್ಲಿ ತೆಗೆದರೆ ಒಂದೂಕಾಲು ಮೀಟರಿನಿಂದ ಆರು ಮೀಟರಿನ ತನಕ ಇರುವುದೆಲ್ಲ ಸಾಕಷ್ಟು ಸ್ಪಷ್ಟ. ಬಟನ್ ಒತ್ತಿದ ಕೂಡಲೇ ಫೋಟೋ. ಸಂತೆ, ಜಾತ್ರೆಯಲ್ಲಿ ಓಡಾಡುತ್ತಾ ತೆಗೆಯುವವರು ಈ ಕ್ಯಾಮೆರಾಗೆ ಮನಸೋಲುವುದು ಇದಕ್ಕೇ.

ವೀರಗಲ್ಲಿನ ಮುಂದೆ ಮಾತ್ರ ನಿಮಗೆ ರಿಕೋ ನೆನಪಾಗಬಹುದು. ಅದರ ಲೆನ್ಸಿನಲ್ಲಿ ಚಿತ್ರ ಮೂಲೆ ಮೂಲೆಗೂ ಸ್ಪಷ್ಟ. ಆದರೆ ಕಲ್ಲಿಗೆ ಕ್ಯಾಮೆರಾಕ್ಕಿಂತ ಬೆಳಕಿನ ದಿಕ್ಕು ಮುಖ್ಯ, ಹಾಗಾಗಿ ಸೋನಿಯಲ್ಲೂ ನೀವು ಏನನ್ನೂ ಕಳೆದುಕೊಳ್ಳುವುದಿಲ್ಲ. ಸವೆದ ಅಕ್ಷರ ಎದುರಿನ ಬೆಳಕಲ್ಲಿ ಕಾಣುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಲ್ಲಿ ತಾನಾಗೇ ಎದ್ದು ನಿಲ್ಲುತ್ತದೆ. ಕಲ್ಲು ನೆರಳಲ್ಲಿದ್ದರೆ ಒಬ್ಬರ ಕೈಯಲ್ಲಿ ಟಾರ್ಚ್ ಕೊಟ್ಟು, ಕಲ್ಲಿನ ಮೈಗೆ ಸವರಿದಂತೆ ಪಕ್ಕದಿಂದ ಹಿಡಿಸಿ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಫೋಟೋ ತೆಗೆಯಿರಿ. ಒಂದರಲ್ಲಿ ಮುಚ್ಚಿಹೋದ ಅಕ್ಷರ ಇನ್ನೊಂದರಲ್ಲಿ ಸಿಗುತ್ತದೆ. ಝೂಮನ್ನು 50ರ ಹತ್ತಿರ ಇಟ್ಟು, ಮೂರು ಮೀಟರ್ ಹಿಂದೆ ನಿಂತು, ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೆ ಎರಡು ಮೀಟರ್ ಎತ್ತರದ ಕಲ್ಲು ಪೂರ್ತಿ ಬರುತ್ತದೆ. ಕ್ಯಾಮೆರಾ ಕಲ್ಲಿನ ನಡುಮಟ್ಟಕ್ಕೆ ಇರಲಿ, ಮೇಲಕ್ಕೆ ಓರೆ ಮಾಡಬೇಡಿ. ಆಮೇಲೆ ಕೆಳಗಿನ ಯುದ್ಧದ ಪಟ್ಟಿಕೆ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ಪಟ್ಟಿಕೆ, ಮೇಲೆ ಲಿಂಗದ ಮುಂದೆ ಕೂತ ವೀರ, ಹೀಗೆ ಒಂದೊಂದನ್ನೂ ಬೇರೆಯಾಗಿ ತೆಗೆಯಿರಿ. ಪಟ್ಟಿಕೆಗಳ ನಡುವಿನ ಅಕ್ಷರದ ಸಾಲುಗಳನ್ನು ತುಂಡು ತುಂಡಾಗಿ, ಅಂಚು ಒಂದರ ಮೇಲೊಂದು ಬರುವ ಹಾಗೆ ತೆಗೆಯಿರಿ. ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಅಕ್ಷರ ಕಾಣಲಿ ಎಂದು ಕಲ್ಲಿಗೆ ಸೀಮೆಸುಣ್ಣ, ಹಿಟ್ಟು, ಎಣ್ಣೆ ಏನನ್ನೂ ಹಚ್ಚಬೇಡಿ, ಬೇರೆಯವರಿಗೂ ಬಿಡಬೇಡಿ. ಎಷ್ಟೋ ನೂರು ವರ್ಷ ಮಳೆ ತಡೆದುಕೊಂಡ ಕಲ್ಲು ಅದು. ಹಚ್ಚಿದ್ದನ್ನು ತಿಕ್ಕಿ ತೆಗೆಯುವಾಗ ಅಕ್ಷರವೂ ಸವೆಯುತ್ತದೆ.

ಜೋಗಕ್ಕೂ ಹೋಗುತ್ತೀರಿ ಎಂದುಕೊಂಡಿದ್ದೇನೆ. ನೀರು ಹಾಲಿನ ಹಾಗೆ ಕಾಣಬೇಕಾದರೆ ಶಟರ್ ನಿಧಾನ ಇರಬೇಕು. ರಿಕೋದಲ್ಲಿ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಒಳಗೇ ಇದೆ, ಸೋನಿಯ ಈ ಮಾದರಿಯಲ್ಲಿ ಇಲ್ಲ. ಮೋಡ ಮುಚ್ಚಿದ ದಿನವೋ ಸಂಜೆಯೋ ಹೋದರೆ ಸೋನಿಯಲ್ಲೂ ಆಗುತ್ತದೆ. ಎರಡಕ್ಕೂ ಮಳೆಯಿಂದ ರಕ್ಷಣೆ ಇಲ್ಲ, ಕೊಡೆ ಬಿಡಬೇಡಿ.

ವಿಡಿಯೋ ಬಗ್ಗೆ ನೀವು ಕೇಳಿಲ್ಲ, ಆದರೆ ಭಾಗವತರ ಪದ್ಯ ಶುರುವಾದ ಮೇಲೆ ಕೈ ತಾನಾಗೇ ವಿಡಿಯೋ ಬಟನ್ ಕಡೆ ಹೋಗುತ್ತದೆ. ಸೋನಿಯಲ್ಲಿ 4ಕೆ (ತುಂಬಾ ಸ್ಪಷ್ಟವಾದ ವಿಡಿಯೋ) ಇದೆ, ಹೊರಗಿನ ಮೈಕ್ ಸಿಕ್ಕಿಸುವ ತೂತೂ ಇದೆ. ರಿಕೋದಲ್ಲಿ ಎರಡೂ ಇಲ್ಲ. ಆದರೆ ಸೋನಿ 4ಕೆಯಲ್ಲಿ ಬೇಗ ಬಿಸಿಯಾಗುತ್ತದೆ. ತಂದ ಸ್ಥಿತಿಯಲ್ಲೇ ಬಿಟ್ಟರೆ ಐದು ನಿಮಿಷದ ಸುಮಾರಿಗೆ ನಿಲ್ಲುತ್ತದೆ. ಮೆನುವಿನಲ್ಲಿ ಬಿಸಿಗೆ ತಾನೇ ಆಫ್ ಆಗುವ ಮಿತಿಯನ್ನು ಮೇಲಿನದಕ್ಕೆ ಇಟ್ಟುಕೊಳ್ಳಿ. ಇಡೀ ಪ್ರಸಂಗ ಹಿಡಿಯುತ್ತೇನೆ ಎಂದು ಹೊರಡಬೇಡಿ, ಇಷ್ಟವಾದ ಪದ್ಯ ಒಂದೊಂದನ್ನೇ ಹಿಡಿಯಿರಿ.

ಬ್ಯಾಟರಿ ಎರಡರದ್ದೂ ಕಡಿಮೆಯೇ. ಕಂಪನಿಗಳು ಕೊಡುವ ಲೆಕ್ಕದಲ್ಲಿ ಸೋನಿಗೆ 260 ಫೋಟೋ, ರಿಕೋಗೆ 200. ರಾತ್ರಿ ಇಡೀ ನಡೆಯುವ ಆಟಕ್ಕೆ ಸೋನಿಗೆ ಇನ್ನೂ ಎರಡು ಬ್ಯಾಟರಿ ಬೇಕು. ಅಳಿಯಂದಿರಿಗೆ ಹೇಳಿ ಅಲ್ಲಿಂದಲೇ ಅಸಲಿ ಬ್ಯಾಟರಿ ತರಿಸಿ.

ಸೆಕೆಂಡ್ ಹ್ಯಾಂಡ್ ಆದ್ದರಿಂದ ಅವರು ಕೊಳ್ಳುವ ಮೊದಲು ಒಂದು ಕೆಲಸ ಮಾಡಲಿ. ಬಿಳಿ ಗೋಡೆಯನ್ನು ಎಫ್ 11ರಲ್ಲಿ ಫೋಟೋ ತೆಗೆದು, ಮೊಬೈಲಿಗೆ ಹಾಕಿ ದೊಡ್ಡದು ಮಾಡಿ ನೋಡಲಿ. ಬೂದು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ದೂಳು ಕೂತಿದೆ. ಇಂಥ ಕ್ಯಾಮೆರಾಗಳ ಲೆನ್ಸ್ ಹೊರಗೆ ಒಳಗೆ ಚಲಿಸುವಾಗ ಗಾಳಿಯ ಜೊತೆ ದೂಳನ್ನೂ ಎಳೆದುಕೊಳ್ಳುತ್ತದೆ. ಲೆನ್ಸ್ ಬಿಚ್ಚಲು ಬರುವುದಿಲ್ಲ, ಹಾಗಾಗಿ ಮನೆಯಲ್ಲಿ ಸ್ವಚ್ಛ ಮಾಡುವ ಮಾತಿಲ್ಲ. ನನ್ನ ಒಂದು ಹಳೇ ಕ್ಯಾಮೆರಾವನ್ನು ಅಂಗಿ ಜೇಬಿನಲ್ಲಿ ಹಾಗೇ ಇಟ್ಟು ತಿರುಗಾಡಿ, ಪ್ರತಿ ಆಕಾಶದಲ್ಲೂ ಒಂದು ಚುಕ್ಕೆ ಬರುವ ಹಾಗೆ ಮಾಡಿಕೊಂಡಿದ್ದೆ. ಒಂದು ಚಿಕ್ಕ ಜಿಪ್ ಚೀಲದಲ್ಲಿ ಇಡಿ. ಝೂಮ್ ಎಳೆಯುವಾಗ ಕರಕರ ಸದ್ದು ಬಂದರೆ, ವ್ಯೂಫೈಂಡರ್ ಹೊರಬರಲು ಸಿಕ್ಕಿಕೊಂಡರೆ ಆ ಕ್ಯಾಮೆರಾ ಬೇಡ ಎನ್ನಲಿ.

ನಿಮ್ಮ ಕಡೆಯ ಮಳೆಗಾಲಕ್ಕೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ಕಪಾಟಿನಲ್ಲಿ, ಬಟ್ಟೆಗಳ ನಡುವೆ, ಚರ್ಮದ ಚೀಲದಲ್ಲಿ ಇಡಬೇಡಿ. ಲೆನ್ಸಿನ ಒಳಗೆ ಬೂಷ್ಟು ಹಿಡಿದರೆ ರಿಪೇರಿ ಖರ್ಚಿನಲ್ಲಿ ಇನ್ನೊಂದು ಹಳೇ ಕ್ಯಾಮೆರಾ ಬರುತ್ತದೆ. ಒಣಗಿರುತ್ತದೆ ಎಂದು ಹೊಗೆ ಅಟ್ಟದ ಹತ್ತಿರವೂ ಇಡಬೇಡಿ, ಹೊಗೆಯ ಜಿಡ್ಡು ಗಾಜಿನ ಮೇಲೆ ಕೂರುತ್ತದೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಸಾಕು. ಬಣ್ಣ ಬದಲಾಗುವ ಜಾತಿಯ ಜೆಲ್ ತಂದರೆ ಯಾವಾಗ ಬಿಸಿ ಮಾಡಿ ಒಣಗಿಸಬೇಕು ಅನ್ನುವುದು ಕಣ್ಣಿಗೇ ಕಾಣುತ್ತದೆ. ವಾರಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಫೋಟೋ ತೆಗೆಯಿರಿ.

ಇನ್ನು ಮೊದಲ ಆಟಕ್ಕೆ ಹೋಗುವಾಗ ಕ್ಯಾಮೆರಾವನ್ನು ಹೇಗೆ ಇಡಬೇಕು ಎಂದು ಹೇಳಿಬಿಡುತ್ತೇನೆ. ವೇಷದ ಮುಖ ಬೆಳ್ಳಗೆ ಉರಿಯುವುದು ಮೊಬೈಲಿನ ದೋಷ ಮಾತ್ರ ಅಲ್ಲ. ಚಿತ್ರದ ಮುಕ್ಕಾಲು ಭಾಗ ಕತ್ತಲೆ ಇದ್ದರೆ ಯಾವ ಕ್ಯಾಮೆರಾ ಆದರೂ ಎಲ್ಲವನ್ನೂ ಬೆಳ್ಳಗೆ ಮಾಡಲು ನೋಡುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಚಿತ್ರದ ಬೆಳಕನ್ನು ಏರಿಸಿ ಇಳಿಸುವ ಸೆಟ್ಟಿಂಗ್) ಅನ್ನುವುದನ್ನು ಮೈನಸ್ 1ಕ್ಕೆ ಇಡಿ, ಮುಖದ ಬಣ್ಣ ವಾಪಸ್ ಬರುತ್ತದೆ. ಶಟರ್ ಬಗೆಯನ್ನು ಮೆಕ್ಯಾನಿಕಲ್‌ಗೆ ಹಾಕಿ. ನಮ್ಮ ಕರೆಂಟ್ 50 ಹರ್ಟ್ಸ್, ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಚಿತ್ರದ ಮೇಲೆ ಅಡ್ಡ ಪಟ್ಟೆ ಬೀಳಬಹುದು. ಶಟರ್ ವೇಗ 1/100 ಇಟ್ಟರೆ ಬೆಳಕು ಸಮನಾಗಿ ಬರುತ್ತದೆ. ಮಂಡಿ ಹಾಕಿ ಕುಣಿಯುವಾಗ ಇಷ್ಟು ಸಾಲದು, 1/250 ಬೇಕು. ಆಗ ಒಂದರ ಹಿಂದೆ ಒಂದು ನಾಲ್ಕೈದು ತೆಗೆದು ಒಳ್ಳೆಯದನ್ನು ಉಳಿಸಿಕೊಳ್ಳಿ. ಐಎಸ್‌ಓ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಸಂಖ್ಯೆ) 3200 ತನಕ ಹೆದರದೆ ಏರಿಸಿ. ಸ್ವಲ್ಪ ಕಾಳು ಕಾಳು ಕಾಣುತ್ತದೆ, ಮನೆಗೆ ಬಂದು ಕಂಪ್ಯೂಟರಿನಲ್ಲಿ ಕಡಿಮೆ ಮಾಡಬಹುದು. ಕದಲಿ ಹೋದ ಮುಖವನ್ನು ಸರಿ ಮಾಡಲು ಆಗುವುದಿಲ್ಲ.

ಫ್ಲ್ಯಾಶ್ ಮಾತ್ರ ಬೇಡವೇ ಬೇಡ. ಸೋನಿಯಲ್ಲಿ ಒಂದು ಪುಟ್ಟ ಫ್ಲ್ಯಾಶ್ ಇದೆ, 15 ಮೀಟರ್ ದೂರಕ್ಕೆ ಅದು ಏನೂ ಮಾಡುವುದಿಲ್ಲ, ಕುಣಿಯುವವರ ಕಣ್ಣಿಗೆ ಹೊಡೆಯುತ್ತದೆ ಅಷ್ಟೇ. ಚೌಕಿಯಲ್ಲೂ ಬೇಡ. ಅಲ್ಲಿಗೆ ಹೋದಾಗ ಮೊದಲು ಅವರನ್ನು ಕೇಳಿ, ಪೂಜೆ ಆಗುವಾಗ ಕ್ಯಾಮೆರಾ ಕೆಳಗಿಡಿ. ಆಮೇಲೆ ಝೂಮನ್ನು ಪೂರ್ತಿ ಅಗಲಕ್ಕೆ ತಂದು, ಗೋಡೆಗೋ ಕಂಬಕ್ಕೋ ಬೆನ್ನು ಕೊಟ್ಟು ನಿಲ್ಲಿ. ಬಣ್ಣ ಹಚ್ಚುವವರು ನಿಮ್ಮನ್ನು ಮರೆಯಲು ಹತ್ತು ನಿಮಿಷ ಬೇಕು. ಅಲ್ಲಿಯ ತನಕ ಒಂದು ಫೋಟೋನೂ ತೆಗೆಯದೆ ಸುಮ್ನೆ ನಿಂತಿರಿ.